ಸೊನ್ನೆ ಸೊನ್ನೆ ಸೊನ್ನೆ

ಅಂಗೈಯಗಲದ ಕಂಪ್ಯೂಟರು ಬಂದದ್ದು
ಎರಡು ಸಾವಿರದ ಮೂರರ ಜೂನಿನಲ್ಲಿ,
ಮಂಡಿಪೇಟೆಯ ಬಕ್ಕೇಶಪ್ಪನವರ ಔಷಧಿ ಗೋದಾಮಿಗೆ,
ಕೆಮ್ಮಿನ ಸಿರಪ್ಪು ಬಂದ ಅದೇ ಲಾರಿಯಲ್ಲಿ.
ಕಡ್ಡಿಯಿಂದ ಚುಚ್ಚಿದರೆ ಬರೆದುಕೊಳ್ಳುತ್ತಿತ್ತು.
ಬರೆದುಕೊಂಡದ್ದು ಜಗಳೂರಿಂದ ದಾವಣಗೆರೆಗೆ
ಯಾವ ದಾರಿಯಲ್ಲಿ ಬರಬೇಕು,
ಆರಿಸುವ ಕೆಲಸ ನನ್ನದು.
ಡಿಪ್ಲೊಮಾ ಓದಿದವನು ಅಲ್ಲಿ ನಾನೊಬ್ಬನೇ,
ಅದರಲ್ಲೂ ಎರಡು ಸಬ್ಜೆಕ್ಟು ಬಾಕಿ.

ಮೊದಲ ದಾರಿಗೆ ಕಂಪನಿಯವರಿಟ್ಟ ಹೆಸರು ತೊಟ್ಟಿಲು.
ರಾತ್ರಿ ತಂದು ಮಲಗಿಸಿದರೆ
ಹಗಲು ಕಂಡದ್ದನ್ನೆಲ್ಲ ವೈರಿನಲ್ಲಿ ಒಪ್ಪಿಸುತ್ತದೆ. ಖರ್ಚಿಲ್ಲ.
"ನಾಲ್ಕರ ಬಸ್ಸಿಗೆ ಮಾಲು ಹಾಕೋನು ನಾನು,
ರಾತ್ರಿ ಬಂದ ಆರ್ಡರಿಗೆ ಜೋಗುಳ ಹಾಡ್ಲೇನು?"
ಅಂದರು ಬಕ್ಕೇಶಪ್ಪ.

ಇನ್ನೊಂದು, ಕಾಣದ ಕೆಂಪು ಬೆಳಕು.
ಮೊಬೈಲನ್ನೂ ಇದನ್ನೂ ಗೇಣು ದೂರದಲ್ಲಿ ಎದುರುಬದುರು ಕೂರಿಸಬೇಕು,
ಹೆಣ್ಣು ನೋಡುವ ಶಾಸ್ತ್ರದ ಹಾಗೆ, ಯಾರೂ ಅಲುಗಬಾರದು.
ಬಿಳಿಚೋಡಿನ ಬಿಸಿಲಲ್ಲಿ ಎರಡೂ ಕಣ್ಣು ಮುಚ್ಚಿಕೊಂಡವು.
ಕೊನೆಗೆ ನಡುವೆ ಒಂದು ಕೇಬಲ್ಲು ಸಿಕ್ಕಿಸಿ ಮದುವೆ ಮುಗಿಸಿದೆ.

ಇನ್ನು ಹೊಸದಾಗಿ ಬಂದ ಜಿಪಿಆರ್‌ಎಸ್.
ಕಿಲೋಬೈಟಿಗೆ ಇಷ್ಟು ಪೈಸೆ ಎಂದು ವಿವರಿಸಿದೆ.
"ಕಿಲೋ ಅಂದ್ರೆ ಮೆಕ್ಕೆಜೋಳ ಗೊತ್ತು,
ಬೈಟು ಅಂದ್ರೆ ಟೀ ಗೊತ್ತು.
ಎರಡೂ ಸೇರಿದ್ರೆ ಯಾವ ಅಂಗಡಿ?"
ನಗು ಬಂತು. ಉತ್ತರ ಬರಲಿಲ್ಲ.

ಸೇಲ್ಸ್‌ಮನ್ ತಿಪ್ಪೇರುದ್ರನ ಬೈಕಿನ ಹಿಂದೆ ಕೂತು
ಗೆರೆ ಎಣಿಸುತ್ತಾ ಹೋದೆ.
ಅಣಜಿಯಲ್ಲಿ ನಾಲ್ಕು,
ಕೆರೆ ದಾಟಿದ ಮೇಲೆ ಎರಡು,
ಬಿಳಿಚೋಡಿನಲ್ಲಿ ಹೋಟೆಲಿನ ಬೆಂಚಿನ ಮೇಲೆ ನಿಂತರೆ ಒಂದು,
ಕೂತರೆ ಇಲ್ಲ.
ಆ ಒಂದು ಗೆರೆಯಲ್ಲಿ ಜಿಪಿಆರ್‌ಎಸ್ ಉಸಿರುಗಟ್ಟಿ ನಿಂತಿತು.
ಎಸ್ಸೆಮ್ಮೆಸ್ಸು ಮಾತ್ರ
ಅಡುಗೆಮನೆಯ ಬೆಕ್ಕಿನ ಹಾಗೆ ನುಸುಳಿ ಹೋಯಿತು.

ಅದನ್ನೇ ಆರಿಸಿದೆ. ನೂರ ಅರವತ್ತು ಅಕ್ಷರ.
ಅಂಗಡಿಗೆ ಎರಡಂಕಿ, ಔಷಧಿಗೆ ಮೂರು, ಎಣಿಕೆಗೆ ಎರಡು.
ಹೆಸರುಗಳನ್ನೆಲ್ಲ ಕಳಚಿದೆ, ನಮಸ್ಕಾರ ಕಳಚಿದೆ,
ಹದಿನೈದು ವರ್ಷದ ಗುರುತನ್ನು ಒಂದು ಸಾಲಿಗೆ ಇಳಿಸಿ
ನನ್ನ ಜಾಣತನಕ್ಕೆ ನಾನೇ ಮಂಡಕ್ಕಿ ಮಿರ್ಚಿ ಕೊಡಿಸಿಕೊಂಡೆ.

ಜಗಳೂರಿನ ಮೆಡಿಕಲ್ ಶಾಪಿನ ಓಬಳೇಶ ಕೇಳಿದ:
"ಜರೂರು ಅಂತ ಎಲ್ಲಿ ಬರೀಬೇಕು?"

ತಿಪ್ಪೇರುದ್ರನ ಹಳೆಯ ನೋಟುಬುಕ್ಕಿನಲ್ಲಿ
ಆ ಪದಕ್ಕೆ ಜಾಗವಿತ್ತು, ಅಂಚಿನಲ್ಲಿ,
ಕೆಳಗೆ ಒಂದು ಗೆರೆ, ಕೆಲವೊಮ್ಮೆ ಎರಡು.
ನನ್ನಲ್ಲಿ ಅಂಚೇ ಇರಲಿಲ್ಲ.
ಕನ್ನಡದ ಒಂದೇ ಅಕ್ಷರ ಸೇರಿದರೂ
ನೂರ ಅರವತ್ತು ಎಪ್ಪತ್ತಕ್ಕೆ ಕುಗ್ಗುತ್ತದೆ ಎಂದೆ.
ಅವನು ತಲೆಯಾಡಿಸಿದ,
ಡಾಕ್ಟರು ಹೇಳಿದ್ದನ್ನು ಕೇಳುವವನ ಹಾಗೆ.

ದಸರೆಯ ಹೊತ್ತಿಗೆ ತಪ್ಪುಗಳ ಪಟ್ಟಿ ತೆಗೆದು ನೋಡಿದೆ.
ಇಲ್ಲದ ಔಷಧಿಯೊಂದನ್ನು ಜಗಳೂರು ಮತ್ತೆ ಮತ್ತೆ ಕೇಳುತ್ತಿದೆ:
000, ಎಣಿಕೆ ಒಂದು.
000, ಎಣಿಕೆ ಎರಡು.
ಬರದಂತೆ ಬಾಗಿಲು ಹಾಕೋಣವೆಂದು ಕೂತೆ.
ಬಿಲ್ಲು ಬರೆಯುವ ಶಮೀಮ್ ಬಾನು
ಕೈಯಲ್ಲಿದ್ದ ಸೀಲನ್ನು ಮೇಜಿನ ಮೇಲೆ ಕುಟ್ಟಿ ಹೇಳಿದಳು,
"ಅದನ್ನ ಮುಟ್ಟಬೇಡಿ. ಅದು ಗೆರೆ."

ಯಾರು ಯಾರಿಗೆ ಕಲಿಸಿದರೋ.
ಅವಳೂ ತಿಪ್ಪೇರುದ್ರನೂ ಮುಖ ನೋಡಿದ್ದು ಸಂಬಳದ ದಿನ ಮಾತ್ರ.
ಮೂರು ಸೊನ್ನೆ ಬಂದರೆ ಅವಳು ಏಳುತ್ತಿದ್ದಳು,
ಹಿಂದಿನ ಅಂಗಡಿಗಳೆಲ್ಲ ಕಾಯುತ್ತಿದ್ದವು,
ಜಗಳೂರಿನ ಡಬ್ಬಿ ಮೊದಲು ಕಟ್ಟಾಗುತ್ತಿತ್ತು.

ಈಗ ಫೋನಿನಲ್ಲೇ ಎಲ್ಲ. ಚೀಟಿಯ ಫೋಟೋ ಬರುತ್ತದೆ,
ದನಿ ಬರುತ್ತದೆ, ಬೇಡದ ಶುಭೋದಯವೂ ಬರುತ್ತದೆ.
ಹಳೆಯ ಯಂತ್ರ ನನ್ನ ಡ್ರಾಯರಿನಲ್ಲಿದೆ, ಕಡ್ಡಿ ಕಳೆದಿದೆ.

ಒಂದು ಸಲ ಮಾತ್ರ ಬಂದಿತ್ತು:
000, ಎಣಿಕೆ ಒಂಬತ್ತು.
ಮಧ್ಯಾಹ್ನ ಎರಡೂ ಹತ್ತು. ನಾಲ್ಕರ ಬಸ್ಸಿಗೆ ಯಾರೂ ಕಾಯಲಿಲ್ಲ.
ಬಕ್ಕೇಶಪ್ಪನವರು ಊಟದ ಕೈಯನ್ನು ಪಂಚೆಗೆ ಒರೆಸಿ,
ಐಸು ತುಂಬಿದ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು
ಕಾರಿನಲ್ಲಿ ಕೂತರು,
ತೊಟ್ಟಿಲಿಂದ ಎತ್ತಿಕೊಂಡವರ ಹಾಗೆ.