ಮೇಲೆ ಹೇಳಿದಂತೆ

ಇತ್ತೊಕ್ಕೊರ್ತೋರ್ಮಿತ್:
ಊರಿನ ಹೆಸರೇ ಅರ್ಧ ಸಾಲು.
ಮಂಜುಗಡ್ಡೆಯ ವರದಿಯ ಒಂದೇ ಪುಟದಲ್ಲಿ
ಅದು ನೂರಾ ಹದಿನೆಂಟು ಸಲ.
ಇತ್ತೊಕ್ಕೊರ್ತೋರ್ಮಿತ್ ಪೂರ್ವಕ್ಕೆ, ಗಡ್ಡೆ ತೆಳು.
ಇತ್ತೊಕ್ಕೊರ್ತೋರ್ಮಿತ್ ದಕ್ಷಿಣಕ್ಕೆ, ಬಿರುಕು.
ಪ್ರತಿ ಸಲವೂ ಅಷ್ಟೂ ಅಕ್ಷರ
ಉಪಗ್ರಹಕ್ಕೆ ಹತ್ತಿ, ಇಳಿದು,
ಊಸಾಕಾಕನ ಫೋನಿನಲ್ಲಿ ಬಿಳಿ ಚಕ್ರವಾಗಿ ಸುತ್ತುತ್ತವೆ.
ಹೊರಗೆ ಹನ್ನೊಂದು ನಾಯಿಗಳು ಹಗ್ಗ ಜಗ್ಗುತ್ತಿವೆ.
ಅವನು ಚಕ್ರ ನೋಡುತ್ತಾನೆ, ಕಿಟಕಿ ನೋಡುತ್ತಾನೆ,
ಕೊನೆಗೆ ಕಿಟಕಿಯನ್ನೇ ನಂಬಿ ಹೊರಡುತ್ತಾನೆ.

ನೂಕ್‌ನಲ್ಲಿ, ಮೀನಿನ ಗೋದಾಮಿನ ಮೇಲಿನ ಕೋಣೆಯಲ್ಲಿ
ಅವನ ಅಕ್ಕನ ಮಗಳು ಇವಾಲು
ಸರ್ವರಿನ ಕಡತ ತೆರೆದು ಕೂತಳು.
ಪುಟ ಕೇಳುವಾಗಲೆಲ್ಲ ಆ ಫೋನು
ವರ್ಷಗಳಿಂದ ಮೆಲ್ಲಗೆ ಹೇಳುತ್ತಲೇ ಬಂದಿತ್ತು:
ಮಡಚಿ ಕೊಡಿ, ಬಿಚ್ಚಿಕೊಳ್ಳುವುದು ನನಗೆ ಬರುತ್ತದೆ.
ಈ ಕಡೆ ಯಾರೂ ಕಿವಿಗೊಟ್ಟಿರಲಿಲ್ಲ.

ನಾಲ್ಕು ಸಾಲು ಬರೆದಳು. ಒಂದು ಅರ್ಧವಿರಾಮ ಮರೆತು
ಸರ್ವರು ಮೇಲೇಳಲಿಲ್ಲ; ತನ್ನನ್ನೇ ಬೈದುಕೊಂಡು ಹಾಕಿದಳು.

ಈಗ ಊರಿನ ಹೆಸರು ಮೊದಲ ಸಲ ಮಾತ್ರ ಪೂರ್ತಿ.
ಆಮೇಲೆ ಬರೀ ಗುರುತು:
ಇಷ್ಟು ಹೆಜ್ಜೆ ಹಿಂದೆ ಹೋಗು, ಇಷ್ಟು ಅಕ್ಷರ ಎತ್ತಿಕೋ.
ಹಾಡಿನ ಪುಸ್ತಕದಲ್ಲಿ ಪ್ರತಿ ನುಡಿಯ ಕೆಳಗೆ
ಪಲ್ಲವಿಯ ಮೊದಲ ಪದವಷ್ಟೇ ಬರೆದು
ಮೂರು ಚುಕ್ಕಿ ಇಡುತ್ತಾರಲ್ಲ, ಹಾಗೆ.
ಹಾಡುವವರು ಯಾರೂ ಚುಕ್ಕಿಯನ್ನು ಹಾಡುವುದಿಲ್ಲ.

ನಾನೂರ ಹನ್ನೆರಡು ಕಿಲೋಬೈಟು ನಲವತ್ತೇಳಕ್ಕೆ ಇಳಿಯಿತು.
ಗಡ್ಡೆಯ ಚಿತ್ರಗಳು ಮಾತ್ರ ಜಗ್ಗಲಿಲ್ಲ,
ಮೊದಲೇ ಹಿಂಡಿಸಿಕೊಂಡು ಬಂದವು ಅವು.
ಎಣ್ಣೆ ಹೋದ ಹಿಂಡಿಯನ್ನು
ಇನ್ನೊಮ್ಮೆ ಗಾಣಕ್ಕೆ ಹಾಕಿದರೆ ಎತ್ತಿಗಷ್ಟೇ ದಣಿವು.

ಮರುದಿನ ಊಸಾಕಾಕ್ ಫೋನು ಮಾಡಿದ, ದನಿಯಲ್ಲಿ ಗುಮಾನಿ.
"ಇಷ್ಟು ಬೇಗ ಬಂತಲ್ಲ, ಏನು ಬಿಟ್ಟಿದ್ದೀಯ?"
"ಒಂದಕ್ಷರವೂ ಬಿಟ್ಟಿಲ್ಲ, ಮಾಮ."
ಆದರೂ ಬೆರಳಿಟ್ಟು ಗಟ್ಟಿಯಾಗಿ ಓದಿದ, ಕಡೇ ಸಾಲಿನವರೆಗೂ,
ನೂರಾ ಹದಿನೆಂಟು ಸಲವೂ ಊರಿನ ಹೆಸರು ಬಿಡದೆ.
ಅವಳು ಈ ತುದಿಯಲ್ಲಿ ಕಾದಳು.
ಹೌದು, ತೆಳು ಇದೆ. ಬಿರುಕೂ ಇದೆ.
ಹೋಗಿ ಹೂಡಿದ ನಾಯಿಗಳನ್ನು ಬಿಚ್ಚಿಬಂದ.

ಆಮೇಲೆ ಅವಳು ಕೇಳಿದಳು:
"ಪೀತಾರಾಕ್ ಹೇಗಿದ್ದಾನೆ?"
ಉಪಗ್ರಹಕ್ಕೆ ಹತ್ತಿ ಇಳಿಯುವಷ್ಟು ಹೊತ್ತು ಮೌನ,
ಅದಕ್ಕಿಂತ ತುಸು ಹೆಚ್ಚೇ.
"ಹಾಗೇ."

ಎರಡೇ ಅಕ್ಷರ.
ಇವಾಲು ಫೋನು ಕಿವಿಗಿಟ್ಟುಕೊಂಡೇ ಹಿಂದೆ ಹೋದಳು,
ಒಂದು ಚಳಿಗಾಲ, ಎರಡು, ಮೂರು,
ಎಲ್ಲಿಂದ ಎತ್ತಿಕೊಳ್ಳಬೇಕು, ಎಷ್ಟು,
ಎಂದು ಕತ್ತಲಲ್ಲಿ ತಡವುತ್ತ.