ನುಸಿಗುಳಿಗೆ

ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಅಂತಾರೆ.
ಕಾನೋದಲ್ಲಿ ಈ ತಿಂಗಳು ಮರಳುಗಾಳಿ ಬೀಸಿ
ಲೋಕಕ್ಕೇ ಕಾಮಾಲೆ;
ಯಾವ ಕಣ್ಣಲ್ಲಿ ನೋಡಲಿ, ತಲಾತು, ನಿನ್ನ ಮಗನನ್ನ?

ಮೂವತ್ತೆರಡು ವಾರಕ್ಕೇ ಹೊರಟುಬಂದವನು.
ಹೆಸರಿಡಲು ಇನ್ನೂ ಐದು ದಿನ.
ಕಪ್ಪು ಚರ್ಮ ಗುಟ್ಟು ಬಿಡುವುದಿಲ್ಲ,
ಕೆಳತುಟಿ ಸರಿಸಿ ವಸಡು ಒತ್ತಿ ಬೆರಳೆತ್ತಿದೆ:
ರಕ್ತ ಮರಳುವ ಮುಂಚಿನ ಆ ಅರೆಗಳಿಗೆ
ಅಲ್ಲಿ ಕಂಡದ್ದು ಬಿಳಿಯೋ, ಬೇರೆಯೋ?

ಹಿಮ್ಮಡಿ ಚುಚ್ಚಿ ಹನಿ ಕಳಿಸಿದೆ.
ಚಾರ್ಟಿನಲ್ಲಿ ತುಂಬುತಿಂಗಳವರ ಗೆರೆ ಮಾಳಿಗೆಯಷ್ಟು ಎತ್ತರ,
ಇವನದು ಹೊಸ್ತಿಲು.
ನಲವತ್ತೊಂದನೇ ಗಂಟೆಯ ಚುಕ್ಕಿ
ಅದರ ಕೆಳಗೆ, ಒಂದು ಎಳ್ಳುಕಾಳಿನ ಅಂತರದಲ್ಲಿ.
ಆರು ಗಂಟೆ ಬಿಟ್ಟು ನೋಡಿ ಅನ್ನುತ್ತದೆ ಕಾಗದ.

ನೋಡುತ್ತಿದ್ದೆನೇನೋ.
ಅಷ್ಟರಲ್ಲಿ ಅಜ್ಜಿ ಕಂದನ ಟೋಪಿ ಸರಿಪಡಿಸಿದಳು,
ಇವನಪ್ಪ ಹುಟ್ಟಿದಾಗ ಹೊಲಿಸಿದ್ದು,
ಇಪ್ಪತ್ತಾರು ವರ್ಷ ಪೆಟ್ಟಿಗೆಯಲ್ಲಿ ಕಾದದ್ದು.
ಮೂಗಿಗೆ ಬಡಿಯಿತು ನುಸಿಗುಳಿಗೆ.
ನನ್ನ ತಂಗಿಯ ಮಗುವಿನ ಬಟ್ಟೆಯೂ
ಹೀಗೇ ಘಮ್ಮೆನ್ನುತ್ತಿತ್ತು.

ಟೋಪಿ, ಶಾಲು, ಎಲ್ಲ ಕಿಟಕಿಯಾಚೆ.
ಚುಕ್ಕಿ ಗೆರೆ ಮುಟ್ಟಲಿ ಅಂತ ಕಾಯಲಿಲ್ಲ.
ನೀಲಿ ದೀಪದಡಿ ಅಂಗೈಯಗಲದ ಎದೆ ಏರಿಳಿಯುತ್ತಿತ್ತು;
ಕಣ್ಣಿಗೆ ಪಟ್ಟಿ ಕಟ್ಟುತ್ತಿದ್ದೆ.
"ಹುಳ ಮುಟ್ಟದಿರಲೆಂದು ಇಟ್ಟೆ, ಮಗಳೇ,"
ಅಂದಳು ಅಜ್ಜಿ.
ನಾನು ತಲೆಯೆತ್ತಲಿಲ್ಲ.