ಕೊನೆಯ ಎಂಟು ನಿಮಿಷ

ಹಚಿನೊಹೆ ಬಂದರಿನ ಮಂಜು ಅಂಗಡಿಯ ಗಾಜಿಗೆ
ಮೂಗು ಒತ್ತಿ ನಿಂತಿದ್ದ ಸೋಮವಾರ
ತೊಕಿಕೊ ಇವಾಬುಚಿ ಬಂದಳು, ಮೀನು ಹರಾಜಿನ ಗಂಬೂಟು ಕಳಚದೆ,
ಕಂಕುಳಲ್ಲಿ ಸ್ನಾನದ ಟವೆಲು ಸುತ್ತಿದ ರೆಕಾರ್ಡರು.
"ಸತ್ತಿಲ್ಲ" ಅಂದಳು, ನಾನಿನ್ನೂ ಏನೂ ಕೇಳಿರಲಿಲ್ಲ.
"ದಯವಿಟ್ಟು ಕಾಯಿರಿ ಅಂತ ಬರೆಯುತ್ತೆ. ಕಾದೆ.
ಮೂರು ದಿನ ಕಾದೆ."
ಗುರುವಾರ ತಮ್ಮನ ದೋಣಿ ಬರುತ್ತದೆ,
ಶನಿವಾರ ಮತ್ತೆ ಹೊರಡುತ್ತದೆ.

ಮೊದಲ ಮದ್ದು ಎಲ್ಲ ಯಂತ್ರಕ್ಕೂ ಒಂದೇ:
ಪ್ಲಗ್ ಕೀಳು, ಹತ್ತು ಎಣಿಸು, ಮತ್ತೆ ಚುಚ್ಚು.
ಇದಕ್ಕೆ ದುಡ್ಡು ಕೇಳಲು ನಾಚಿಕೆ;
ನನ್ನ ಪುಣ್ಯಕ್ಕೆ ಈ ಸಲ ಅದು ನಾಟಲಿಲ್ಲ.

ಮುಚ್ಚಳ ತೆಗೆದೆ. ಫ್ಯಾನಿನ ಬಾಯಲ್ಲಿ ಬೆಕ್ಕಿನ ಕೂದಲು,
ಕೋಳಿಮರಿಯಷ್ಟು ಒಂದು ಉಂಡೆ.
ತಟ್ಟೆ ಎಳೆಯುವ ರಬ್ಬರ್ ಪಟ್ಟಿ ಹಳೆ ಕಾಲುಚೀಲದ ಬಾಯಿ.
ಪವರ್ ಬೋರ್ಡಿನ ಮೇಲೆ ಎರಡು ಕೆಪಾಸಿಟರು
ಕೆಂಡದ ಮೇಲಿನ ಮೋಚಿಯಂತೆ ತಲೆ ಉಬ್ಬಿಸಿ ಕೂತಿದ್ದವು.

"ಹಾರ್ಡ್ ಡಿಸ್ಕು ಕಿತ್ತು ಬೇರೆ ಯಂತ್ರಕ್ಕೆ ಹಾಕಿಬಿಡಿ."
ಎಲ್ಲರೂ ಹೇಳುವುದು ಅದನ್ನೇ. ಆಗುವುದಿಲ್ಲ.
ಈ ಡಿಸ್ಕು ಬಾಯಿಬಿಡುವುದು
ತನ್ನ ಜೊತೆ ಹುಟ್ಟಿದ ಬೋರ್ಡಿನ ಹತ್ತಿರ ಮಾತ್ರ;
ಬೇರೆ ಮನೆಗೆ ಕೊಟ್ಟರೆ
ಎಲ್ಲ ನೆನಪಿದ್ದೂ ತುಟಿ ಪಿಟಕ್ ಅನ್ನುವುದಿಲ್ಲ.
ಹೊಸ ಯಂತ್ರಕ್ಕೆ ಗೊತ್ತಿರುವುದು ಒಂದೇ ಪ್ರಶ್ನೆ: ಫಾರ್ಮ್ಯಾಟ್ ಮಾಡಲೇ?
ಅಲ್ಲಿ ಹೌದು ಒತ್ತಿ ಅತ್ತವರನ್ನು
ಈ ಕುರ್ಚಿಯಲ್ಲೇ ಕೂರಿಸಿ ನೀರು ಕೊಟ್ಟಿದ್ದೇನೆ.

ಆದ್ದರಿಂದ ಬೆಸುಗೆ.
ರಾತ್ರಿ ಹನ್ನೊಂದಕ್ಕೆ ಹೊಸ ಕೆಪಾಸಿಟರು, ಹೊಸ ಪಟ್ಟಿ,
ಲೆನ್ಸಿಗೆ ಹತ್ತಿಯ ತುದಿಯಲ್ಲಿ ಒಂದು ಹನಿ ಸ್ಪಿರಿಟು.
ಯಂತ್ರ ಕೆಮ್ಮಿತು. ತಟ್ಟೆ ನಾಲಗೆ ಚಾಚಿತು.

ಒಳಗೆ ಹದಿನಾಲ್ಕು ಭಾನುವಾರ:
ಕಪ್ಪು ಬಿಳಿ ಕಲ್ಲುಗಳ ಗೋ ಆಟ.
ಡಿವಿಡಿಗೆ ಇಳಿಸುತ್ತ ಕೂತೆ. ಮೊದಲನೆಯದು
ಮುಗಿಯಬೇಕಾದಲ್ಲಿ ಮುಗಿಯಲಿಲ್ಲ:
ಬಟ್ಟಲಿನಿಂದ ಬಿಳಿ ಕಲ್ಲು ಎತ್ತಿದ ಕೈ ಗಾಳಿಯಲ್ಲಿ ತಡೆಯಿತು,
ನೀಲಿ ಪರದೆ.
ಎರಡನೆಯದೂ ಹಾಗೇ. ಹದಿನಾಲ್ಕೂ ಹಾಗೇ.
ಟೈಮರ್ ತೆರೆದೆ. ಕೈಯಾರೆ ಒತ್ತಿದ ಹೊತ್ತು: ಎರಡಕ್ಕೆ ನಿಲ್ಲು.
ಕಾರ್ಯಕ್ರಮ ಮುಗಿಯುವುದು ಎರಡು ಗಂಟೆ ಎಂಟು ನಿಮಿಷಕ್ಕೆ.
ಬಾಣದ ಗುಂಡಿ ಎಂಟು ಸಲ ಒತ್ತಿದರಾಯಿತು.
ಒತ್ತಿದೆ.
ನನ್ನ ಜಾಣತನಕ್ಕೆ ನಾನೇ ಚಹಾ ಕುದಿಸಿಕೊಂಡೆ.

ಬುಧವಾರ ಬಿಲ್ಲು ಓದುತ್ತ ಓದುತ್ತ ತೊಕಿಕೊ
"ಅಯ್ಯೋ, ಅದನ್ನು ಯಾಕೆ ಮುಟ್ಟಿದಿರಿ?"

ಮೊರಿಯೊ ಮೂರು ತಿಂಗಳು ಬೊಂಡಾಸ್ ಬೆನ್ನಟ್ಟಿ ಹೋಗುವವನು.
ಎಂಜಿನ್ ಕೋಣೆಯಲ್ಲಿ ಮಾತು ಕೇಳಿಸುವುದಿಲ್ಲ.
ಅರ್ಧಕ್ಕೆ ನಿಂತ ಆಟ ತಲೆಯಲ್ಲಿಟ್ಟುಕೊಂಡು,
ಕಪ್ಪಿಗೆ ನಟ್ಟು, ಬಿಳಿಗೆ ವಾಶರು ಹೂಡಿ,
ತಾನೇ ಮುಗಿಸುತ್ತಾನೆ; ಬೇಡವೆನಿಸಿದರೆ ಕೆಡಿಸಿ
ಇನ್ನೊಂದು ಥರ ಮುಗಿಸುತ್ತಾನೆ.
"ಮೊದಲ ವರ್ಷ ನನ್ನ ತಪ್ಪು. ಎರಡನೆಯ ವರ್ಷ ಸರಿಮಾಡಿ ಕೊಟ್ಟೆ.
ವಾರದಲ್ಲಿ ಎಲ್ಲ ನೋಡಿ ಮುಗಿಸಿ
ಇಡೀ ಹಂಗಾಮು ಬರೀ ಎಂಜಿನ್ ಕೇಳಿದನಂತೆ."

ಎಂಟು ಸಲ ಹಿಂದಕ್ಕೆ ಒತ್ತಿದೆ.
ಬಿಲ್ಲಿನ ಆ ಸಾಲು ಹೊಡೆದು ಬರೆದೆ:
ಟೈಮರ್, ಇದ್ದ ಹಾಗೇ ಇದೆ.

ಉಳಿದದ್ದು ಕೊನೆಯ ಡಿಸ್ಕಿನ ಫೈನಲೈಜ್.
ಅದಿಲ್ಲದೆ ದೋಣಿಯ ಊಟದ ಕೋಣೆಯ ಹಳೆ ಪ್ಲೇಯರಿಗೆ
ಇದು ಬರೀ ಹೊಳೆಯುವ ಬಿಲ್ಲೆ.
ಪರದೆ ಕೇಳಿತು:
ಇನ್ನು ಏನನ್ನೂ ಸೇರಿಸಲಾಗದು, ಮುಗಿಸಲೇ?
ಪರ್ಸು ಮುಚ್ಚುತ್ತ ತೊಕಿಕೊ "ಮುಗಿಸಿ" ಅಂದಳು.
ನಾಲ್ಕು ನಿಮಿಷ ಇಬ್ಬರೂ ಸುಮ್ಮನೆ ನಿಂತೆವು.
ಅವಳ ತೋಳಿಗಂಟಿದ ಒಂದು ಮೀನಿನ ಹುರುಪೆ
ದೀಪ ಮಿಟುಕಿದಾಗಲೆಲ್ಲ
ತಾನೂ ಮಿಟುಕಿತು.